ರೇಡಿಯೊ ಸರಿಯಾಗಿದೆ

ಟೇಬಲ್ ರೇಡಿಯೊ ಎನ್ನುತ್ತಾರೆ. ಆದರೆ ಅದನ್ನು ಟೇಬಲ್ಲಿನ ಮೇಲೆ ಇಟ್ಟ ಮನೆ ನಾನು ಕಂಡಿದ್ದು ಅಪರೂಪ. ನಮ್ಮ ಕಡೆ ಅದಕ್ಕೆ ಗೋಡೆಯಲ್ಲೇ ಒಂದು ಸ್ಟ್ಯಾಂಡು ಹೊಡೆಸುತ್ತಿದ್ದರು. ಮಕ್ಕಳ ಕೈಗೆ ಎಟುಕಬಾರದು, ದೊಡ್ಡವರ ಕೈಗೆ ಎಟುಕಬೇಕು. ದೇವರ ಪಟಗಳ ಸಾಲು ಮುಗಿದು ಕ್ಯಾಲೆಂಡರು ಶುರುವಾಗುವ ಜಾಗ. ಮುಂದೆ ಕಸೂತಿ ಹಾಕಿದ ಪುಟ್ಟ ಪರದೆ. ವಾರ್ತೆಯ ಹೊತ್ತಿಗೆ ಮನೆಯ ಯಜಮಾನರು ಪರದೆ ಸರಿಸಿ, ಗುಂಡಿ ತಿರುಗಿಸಿ, ಎರಡು ಹೆಜ್ಜೆ ಹಿಂದೆ ಬಂದು ನಿಲ್ಲುವರು. ವಾಲ್ವು ಕಾಯಲು ಅರ್ಧ ನಿಮಿಷ ಬೇಕು. ಅಷ್ಟು ಹೊತ್ತು ದೀಪ ಮಾತ್ರ ಉರಿಯುತ್ತದೆ, ಸದ್ದಿಲ್ಲ. ‘ಯಾಕೆ ಬರ್ತಿಲ್ಲ?’ ಎಂದು ಆಗ ಯಾರೂ ಕೇಳುವ ಹಾಗಿಲ್ಲ. ಕೇಳಿದರೆ ವಾರ್ತೆಗಿಂತ ಮೊದಲು ಬೈಗುಳ ಬರುತ್ತಿತ್ತು.

ತಲೆಯೆತ್ತಿದರೆ ಹಾಲಿನ ಈ ಗೋಡೆಯಿಂದ ಆ ಗೋಡೆಗೆ ಎಳೆದ ಏರಿಯಲ್ಲು. ಎರಡು ಬೆರಳಗಲದ ತಾಮ್ರದ ಜಾಲರಿ ಪಟ್ಟಿ, ಅದರಿಂದ ಇಳಿದ ವೈರು ರೇಡಿಯೊದ ಬೆನ್ನಿಗೆ. ಹಬ್ಬಕ್ಕೆ ಸುಣ್ಣ ಬಳಿಯುವವರು ಗೋಡೆಯ ಜೊತೆ ಅದರ ತುದಿಗೂ ನಾಲ್ಕು ಕೈ ಬಳಿದು ಹೋಗುತ್ತಿದ್ದರು. ಇದಿಷ್ಟು ಸಾಲದೆಂದು ಲೈಸೆನ್ಸು ಬೇರೆ. ರೇಡಿಯೊ ಇಟ್ಟುಕೊಂಡವರು ವರ್ಷಕ್ಕೊಮ್ಮೆ ಪೋಸ್ಟಾಫೀಸಿಗೆ ಹೋಗಿ ದುಡ್ಡು ಕಟ್ಟಿ, ಪುಸ್ತಕದಲ್ಲಿ ಸ್ಟಾಂಪು ಹಚ್ಚಿಸಿಕೊಂಡು ಬರಬೇಕಿತ್ತು. 1980ರ ದಶಕದಲ್ಲಿ ಅದು ರದ್ದಾಯಿತು. ಆಮೇಲೂ ಎಷ್ಟೋ ಮನೆಗಳಲ್ಲಿ ಆ ಪುಸ್ತಕವನ್ನು ಜಮೀನಿನ ಪತ್ರಗಳ ಜೊತೆ ಟ್ರಂಕಿನಲ್ಲಿ ಇಟ್ಟುಕೊಂಡೇ ಇದ್ದರು. ಸರ್ಕಾರದ ಬುದ್ಧಿ, ಯಾವಾಗ ತಿರುಗುತ್ತದೋ ಯಾರಿಗೆ ಗೊತ್ತು.

ಅಂಥದೊಂದು ಸೆಟ್ಟು ಈಗ ನಮ್ಮ ಬೆಂಗಳೂರಿನ ಮನೆಗೆ ಬಂದಿದೆ. ಹಾಸನದಲ್ಲಿದ್ದ ಸೋದರಮಾವ ಮನೆ ಮಾರಿ ಮಗನ ಹತ್ತಿರ ಹೊರಟು ನಿಂತಾಗ, ‘ತೂಕಕ್ಕೆ ಹಾಕೋಕೆ ಮನಸ್ಸು ಬರಲ್ಲ ಕಣೋ, ನೀನೇ ಇಟ್ಕೋ’ ಎಂದು ಹಳೇ ಪಂಚೆಯಲ್ಲಿ ಸುತ್ತಿ ಕಾರಿನಲ್ಲಿ ಇಟ್ಟೇಬಿಟ್ಟರು. ಪಾಲಿಶ್ ಮಾಸಿದ ಮರದ ಪೆಟ್ಟಿಗೆ, ಚಿನ್ನದ ಎಳೆ ನೇಯ್ದ ಬಟ್ಟೆಯ ಹಿಂದೆ ಸ್ಪೀಕರು, ದಂತದ ಬಣ್ಣದ ಗುಂಡಿಗಳು, ಮೂಲೆಯಲ್ಲಿ ಸ್ಟೇಷನ್ನು ಸರಿಯಾಗಿ ಸಿಕ್ಕಾಗ ಕಿರಿದಾಗುವ ಹಸಿರು ಕಣ್ಣು. ಕಂಪನಿಯ ಹೆಸರಿನ ಹಿತ್ತಾಳೆ ಅಕ್ಷರಗಳಲ್ಲಿ ಅರ್ಧ ಉದುರಿವೆ. ಉಳಿದರ್ಧದಿಂದ ಯಾವುದೆಂದು ಹೇಳಲಾಗದು, ಹೇಳಬೇಕಾಗಿಯೂ ಇಲ್ಲ. ಡಯಲ್ಲಿನ ಗಾಜಿನ ಮೇಲೆ ದೆಹಲಿ ಇದೆ, ಬೊಂಬಾಯಿ ಇದೆ, ಕೊಲಂಬೊ ಇದೆ, ಲಾಹೋರು ಕೂಡ ಇದೆ. ಬೆಂಗಳೂರಿಲ್ಲ. ಅಂಕಿಗಳೂ ಕಿಲೊಹರ್ಟ್ಸಿನಲ್ಲಿಲ್ಲ, ಮೀಟರಿನಲ್ಲಿವೆ. ಬೆಂಗಳೂರು ಆಕಾಶವಾಣಿ 612 ಕಿಲೊಹರ್ಟ್ಸು. ಮೂರು ಲಕ್ಷವನ್ನು ಅದರಿಂದ ಭಾಗಿಸಿದರೆ 490 ಮೀಟರು ಚಿಲ್ಲರೆ. ರೇಡಿಯೊ ಹಾಕುವುದಕ್ಕೆ ಮೊದಲು ಕಾಗದ ಪೆನ್ನು ಹಿಡಿಯಬೇಕು.

ನನ್ನ ಹೆಂಡತಿ ಹುಬ್ಬಳ್ಳಿ ಕಡೆಯವಳು, ಮಾತಿನಲ್ಲಿ ಸುತ್ತುಬಳಸಿಲ್ಲ. ಪಂಚೆ ಬಿಚ್ಚಿದ ಕೂಡಲೇ, ‘ಚಂದ ಅದ. ಆದ್ರ ಎಲ್ಲಿ ಇಡಾವ್ರು?’ ಎಂದಳು.

ಕೇಳಬೇಕಾದ ಪ್ರಶ್ನೆಯೇ. ಈಗಿನ ಮನೆಯಲ್ಲಿ ಗೋಡೆಗಳೆಲ್ಲ ಆಗಲೇ ಪಾಲಾಗಿ ಹೋಗಿವೆ. ಒಂದು ಟಿವಿಯದು, ಒಂದು ವಾರ್ಡ್‌ರೋಬಿನದು, ಒಂದು ಕಿಟಕಿಯದು. ಫ್ರಿಜ್ಜಿನ ಮೇಲೆ ಇಡೋಣವೆಂದರೆ ಅದಕ್ಕೆ ಆಗಾಗ ನಡುಕ. ಚಪ್ಪಲಿ ಸ್ಟ್ಯಾಂಡಿನ ಮೇಲೆ ಖಾಲಿ ಜಾಗವಿತ್ತು. ಅದನ್ನು ಬಾಯಿಬಿಟ್ಟು ಸೂಚಿಸುವ ಧೈರ್ಯ ಯಾರಿಗೂ ಬರಲಿಲ್ಲ. ವಾಲ್ವ್ ಸೆಟ್ಟು ಬಿಸಿಯಾಗುತ್ತದೆ, ಬೆನ್ನ ಹಿಂದೆ ನಾಲ್ಕು ಬೆರಳು ಗಾಳಿ ಬೇಕು. ಏರಿಯಲ್ಲಿನ ವೈರು ಬರಲು ಕಿಟಕಿ ಹತ್ತಿರವಿರಬೇಕು. ಕೊನೆಗೆ ಊಟದ ಮೇಜಿನ ಪಕ್ಕದ ಗಿಡ್ಡ ಬೀರುವಿನ ಮೇಲಿಂದ ಹಣ್ಣಿನ ಬುಟ್ಟಿ, ಔಷಧಿ ಡಬ್ಬಿಗಳನ್ನು ಎಬ್ಬಿಸಿ ಜಾಗ ಮಾಡಿದ್ದಾಯಿತು. ಅಲ್ಲೇ ಇದ್ದ ವೈಫೈ ಪೆಟ್ಟಿಗೆ ಪೂರ್ತಿ ಏಳಲಿಲ್ಲ, ಒಂದು ಗೇಣು ಆಚೆ ಸರಿಯಿತು.

ವರ್ಷಗಟ್ಟಲೆ ಸುಮ್ಮನಿದ್ದ ಸೆಟ್ಟನ್ನು ತಂದ ದಿನವೇ ಪ್ಲಗ್ಗಿಗೆ ಸಿಕ್ಕಿಸಬಾರದು. ಒಳಗಿನ ದೊಡ್ಡ ಕಂಡೆನ್ಸರುಗಳು ಸೊರಗಿರುತ್ತವೆ; ಒಂದೇ ಸಲ ಪೂರ್ತಿ ಓಲ್ಟೇಜು ಬಿದ್ದರೆ ಶಾರ್ಟಾಗಿ ಹೊಗೆ ಹಾಕುತ್ತವೆ. ಹಾಗಾಗಿ ಮೊದಲು ಮೆಕ್ಯಾನಿಕ್ಕು. ವಾಲ್ವ್ ಸೆಟ್ಟು ಬಿಚ್ಚಬಲ್ಲವರು ಊರಿನಲ್ಲಿ ಇನ್ನೂ ಅಲ್ಲೊಬ್ಬ ಇಲ್ಲೊಬ್ಬರಿದ್ದಾರೆ. ನನಗೆ ಸಿಕ್ಕವರು ಪೇಟೆಯ ಒಂದು ಕಟ್ಟಡದ ಮೆಟ್ಟಿಲ ಕೆಳಗೆ ಕೂತು, ದಿನವಿಡೀ ಮಿಕ್ಸಿ, ಫ್ಯಾನು ರಿಪೇರಿ ಮಾಡುವ ಹಿರಿಯರು. ನನ್ನ ಕೈಯಲ್ಲಿದ್ದ ಪೆಟ್ಟಿಗೆ ಕಂಡ ಕೂಡಲೇ ಬಿಚ್ಚಿಟ್ಟಿದ್ದ ಮಿಕ್ಸಿಯನ್ನು ಕಾಲಿನಿಂದ ಪಕ್ಕಕ್ಕೆ ಸರಿಸಿದರು. ಅದರ ಯಜಮಾನತಿ ಅಲ್ಲೇ ಸ್ಟೂಲಿನ ಮೇಲೆ ಕಾಯುತ್ತ ಕೂತಿದ್ದರು.

ಅವರ ಹತ್ತಿರ ಒಂದು ಸೀರೀಸ್ ಬೋರ್ಡಿತ್ತು. ಹಲಗೆಯ ಮೇಲೆ 60 ವ್ಯಾಟಿನ ಹಳೇ ಬುರುಡೆ ಬಲ್ಬು, ಪಕ್ಕದಲ್ಲಿ ಪ್ಲಗ್ಗಿನ ತೂತು. ಕರೆಂಟು ಬಲ್ಬನ್ನು ಹಾದೇ ಸೆಟ್ಟಿಗೆ ಹೋಗಬೇಕು. ‘ನೋಡಿ ಸಾರ್, ಬಲ್ಬು ಪೂರ್ತಿ ಉರಿದ್ರೆ ಒಳಗೆ ಶಾರ್ಟು. ಮಂಕಾಗಿ ಉರಿದ್ರೆ ಸೆಟ್ಟಿಗೆ ಜೀವ ಇದೆ. ಉರೀಲೇ ಇಲ್ಲ ಅಂದ್ರೆ ಎಲ್ಲೋ ಕಟ್ಟಾಗಿದೆ’ ಎಂದು ಸ್ವಿಚ್ಚು ಒತ್ತಿದರು. ಉರಿಯಲಿಲ್ಲ. ಅವರ ಮುಖದಲ್ಲಿ ಸಮಾಧಾನ ಕಂಡಿತು. ಹೊಗೆಗಿಂತ ಕತ್ತಲೆ ವಾಸಿ.

ಇದು ಎಸಿ-ಡಿಸಿ ಸೆಟ್ಟು. ಕಲ್ಕತ್ತೆಯಂಥ ನಗರಗಳ ಕೆಲವು ಭಾಗಗಳಲ್ಲಿ ಬಹಳ ಕಾಲ ಡಿಸಿ ಕರೆಂಟೇ ಇತ್ತು. ಎರಡಕ್ಕೂ ನಡೆಯಲಿ ಎಂದು ಕಂಪನಿಗಳು ಟ್ರಾನ್ಸ್‌ಫಾರ್ಮರಿಲ್ಲದ ಸೆಟ್ಟು ಮಾಡುತ್ತಿದ್ದವು. ಇದರಲ್ಲಿ ವಾಲ್ವುಗಳ ಫಿಲಮೆಂಟುಗಳೆಲ್ಲ ಒಂದರ ಹಿಂದೊಂದು ಕೊಂಡಿ ಹಾಕಿಕೊಂಡಿರುತ್ತವೆ. ಯುಸಿಎಚ್ 81, ಯುಬಿಎಫ್ 89, ಯುಸಿಎಲ್ 82, ಯುವೈ 85 ಹೀಗೆ. ಎಲ್ಲದರಲ್ಲೂ ಹರಿಯುವುದು ಅದೇ 100 ಮಿಲಿಆಂಪಿಯರು. ಗಣೇಶನ ಪೆಂಡಾಲಿನ ಸೀರಿಯಲ್ ಸೆಟ್ಟಿನ ಹಾಗೆ, ಒಂದು ಹೋದರೆ ಸಾಲಿಗೆ ಸಾಲೇ ಕತ್ತಲು. ಅವರು ಒಂದೊಂದೇ ವಾಲ್ವು ಎಳೆದು, ಕಾಲಿಗೆ ಮೀಟರಿನ ಕಡ್ಡಿ ಮುಟ್ಟಿಸಿ ನೋಡಿ, ಸತ್ತದ್ದನ್ನು ಕಂಡುಹಿಡಿದರು. ಬದಲಿಗೆ ಬಿಸ್ಕತ್ತಿನ ಡಬ್ಬ ತೆಗೆದರು. ಹಳೇ ಪೇಪರಿನಲ್ಲಿ ಸುತ್ತಿದ ವಾಲ್ವುಗಳು. ಅರ್ಧಕ್ಕರ್ಧ ನಮ್ಮ ಜಾಲಹಳ್ಳಿಯ ಬಿಇಎಲ್ ಮುದ್ರೆಯವು. 1954ರಲ್ಲಿ ಶುರುವಾದ ಆ ಕಾರ್ಖಾನೆ ಸೈನ್ಯಕ್ಕೆ ಬೇಕಾದ ಯಂತ್ರಗಳ ಜೊತೆಗೆ ಜನರ ರೇಡಿಯೊಗೂ ವಾಲ್ವು ಮಾಡುತ್ತಿತ್ತು. ದೇಶದ ಎಷ್ಟೋ ಮನೆಗಳಲ್ಲಿ ಹಾಡು ಹೊರಡುತ್ತಿದ್ದುದು ಈ ಊರಿನ ಗಾಜಿನ ಬುರುಡೆಯಿಂದ.

ಇಂಥ ಸೆಟ್ಟಿನ ಇನ್ನೊಂದು ಗುಣ ಎಲ್ಲರೂ ತಿಳಿದಿರಬೇಕಾದದ್ದು. ಒಳಗಿನ ತಗಡಿನ ಚಾಸಿಗೆ ಮೇನ್ಸಿನ ಒಂದು ವೈರು ನೇರವಾಗಿ ಕಚ್ಚಿಕೊಂಡಿರುತ್ತದೆ. ಹಳೆಯ ಎರಡು ಕಡ್ಡಿಯ ಪ್ಲಗ್ಗನ್ನು ತಿರುಗಾಮುರುಗಾ ಹಾಕಿದರೆ ಇಡೀ ಚಾಸಿಯಲ್ಲಿ 230 ಓಲ್ಟು. ಅದಕ್ಕೇ ಹಿಂದಿನ ರಟ್ಟನ್ನು ತೆಗೆದು ನಡೆಸಬಾರದು. ಗುಂಡಿಗಳ ಪಕ್ಕದಲ್ಲಿ ಒಂದು ಸಣ್ಣ ತೂತು, ಅದರೊಳಗೆ ಬಿಗಿಮಾಡುವ ಸ್ಕ್ರೂ ಇರುತ್ತದೆ. ಆ ತೂತುಗಳಲ್ಲೆಲ್ಲ ಮೇಣ ತುಂಬಿತ್ತು. ನಾನು ಅದನ್ನು ಕೊಳೆ ಎಂದುಕೊಂಡಿದ್ದೆ. ಅವರು ಉಗುರಿನಿಂದ ತೋರಿಸಿ, ‘ಕಂಪನಿಯೋರೇ ತುಂಬಿದ್ದು ಸಾರ್. ಸ್ಕ್ರೂಗೆ ಬೆರಳು ತಾಗಬಾರದಲ್ಲ’ ಎಂದರು. ಕೆಲಸ ಮುಗಿದ ಮೇಲೆ ಮೇಣದಬತ್ತಿ ಹಚ್ಚಿ, ಒಂದೊಂದೇ ತೊಟ್ಟು ಇಳಿಸಿ ಮತ್ತೆ ತೂತು ಮುಚ್ಚಿದರು. ಆ ಕೆಲಸಕ್ಕೆ ಅವರು ಬಿಲ್ಲಿನಲ್ಲಿ ಏನೂ ಹಾಕಲಿಲ್ಲ.

ಅಲ್ಲಿ ಸ್ಟೂಲಿನ ಮೇಲೆ ಕೂತು ಆ 60 ವ್ಯಾಟಿನ ಬಲ್ಬನ್ನು ನೋಡುತ್ತಿದ್ದಾಗ ನನಗೆ ಮೈಸೂರಿನ ಎಂ.ವಿ. ಗೋಪಾಲಸ್ವಾಮಿಯವರ ನೆನಪು. ಮನಶ್ಶಾಸ್ತ್ರದ ಪ್ರೊಫೆಸರು, 1935ರಲ್ಲಿ ತಮ್ಮ ಮನೆಯಲ್ಲೇ ರೇಡಿಯೊ ನಿಲಯ ಹೂಡಿದವರು. ಅವರ ಪ್ರಸಾರಕದ ಶಕ್ತಿ 30 ವ್ಯಾಟು, ಈ ಬಲ್ಬಿನ ಅರ್ಧ. ಮನೆಗೆ ಒಂದು ರೇಡಿಯೊ ಕೂರಿಸಲು ನಾವು ಬೀರು ಖಾಲಿ ಮಾಡಿಸುವುದೇ ದೊಡ್ಡ ಸಾಹಸವೆಂದು ಹೇಳಿಕೊಳ್ಳುತ್ತೇವೆ; ಅವರು ಸ್ಟೇಷನ್ನನ್ನೇ ಕೂರಿಸಿದರು. ಅವರ ಮನೆಯವರು ‘ಎಲ್ಲಿಡ್ತೀರಿ?’ ಎಂದು ಕೇಳಿದ್ದರೋ ಏನೋ, ಚರಿತ್ರೆ ಬರೆದವರು ಇಂಥದನ್ನೆಲ್ಲ ಬರೆಯುವುದಿಲ್ಲ.

ಸೆಟ್ಟು ಮಾತಾಡಿತು. ಮೊದಲು ಗುಂಯ್ ಎಂದಿತು. ಫಿಲ್ಟರ್ ಕಂಡೆನ್ಸರು ಬದಲಾಯಿಸಿದ ಮೇಲೆ ಅದು ನಿಂತಿತು. ವಾಲ್ಯೂಮ್ ತಿರುಗಿಸಿದಾಗ ಕರಕರ ಎಂದಿತು. ಕಾರ್ಬನ್ ಪಟ್ಟಿಗೆ ಕ್ಲೀನರ್ ಬಿಟ್ಟು ನಾಲ್ಕು ಸಲ ತಿರುಗಿಸಿದ್ದೇ ಅದೂ ನಿಂತಿತು. ಕಷ್ಟವಾಗಿದ್ದು ಡಯಲ್ ದಾರ. ಮುಳ್ಳು ಸರಿಯುವುದು ಒಂದು ದಾರದಿಂದ. ಅದು ಟ್ಯೂನಿಂಗ್ ಕಡ್ಡಿಗೆ ಎರಡು ಸುತ್ತು ಸುತ್ತಿ, ಮೂಲೆಯ ಗಾಲಿ ಹಾದು, ಗ್ಯಾಂಗಿನ ದೊಡ್ಡ ಚಕ್ರ ಬಳಸಿ, ಒಂದು ಸ್ಪ್ರಿಂಗಿಗೆ ಬಂದು ಸೇರುತ್ತದೆ. ಸುತ್ತು ಎಡದಿಂದಲೋ ಬಲದಿಂದಲೋ ಎಂದು ಹೇಳುವ ಚಿತ್ರ ರಟ್ಟಿನ ಒಳಮೈಗೆ ಅಂಟಿಸಿರುತ್ತಾರೆ. ನಮ್ಮದನ್ನು ಜಿರಲೆ ತಿಂದಿತ್ತು. ಹಿರಿಯರು ಕನ್ನಡಕ ಹಣೆಗೇರಿಸಿ, ದಾರದ ಒಂದು ತುದಿ ಹಲ್ಲಿನಲ್ಲಿ ಕಚ್ಚಿ, ಇನ್ನೊಂದನ್ನು ಚಿಮಟದಲ್ಲಿ ಹಿಡಿದು ನಡೆಸಿಕೊಂಡು ಹೋದರು. ಸ್ಪ್ರಿಂಗಿಗೆ ಸಿಕ್ಕಿಸುವ ಕೊನೆಯ ಗಳಿಗೆಯಲ್ಲಿ ಅದು ಸಟ್ಟನೆ ಬಿಟ್ಟುಕೊಂಡು, ಎಲ್ಲ ಸುತ್ತೂ ಬಿಚ್ಚಿ ಮಡಿಲಿಗೆ ಬಿತ್ತು. ಬೈಯಲಿಲ್ಲ. ಮತ್ತೆ ಹಲ್ಲಿಗೆ ಕಚ್ಚಿದರು. ಮಿಕ್ಸಿಯ ಯಜಮಾನತಿ ಅಷ್ಟು ಹೊತ್ತಿಗೆ ತಾವೂ ಬಗ್ಗಿ ನೋಡುತ್ತ, ‘ಆ ಕಡೆಯಿಂದ ಸುತ್ತಿ ನೋಡಿ’ ಎಂದು ಸಲಹೆ ಕೊಡಲು ಶುರುಮಾಡಿದ್ದರು. ಆ ಕಡೆಯಿಂದ ಸುತ್ತಿದಾಗಲೇ ಅದು ನಿಂತಿದ್ದು.

ಅಂಗಡಿಯಲ್ಲಿ ಬೆಂಗಳೂರು ನಿಲಯ ಬಾಯ್ತುಂಬ ಬಂತು. ಮನೆಗೆ ತಂದು ಹಾಕಿದರೆ ಗರ್ರ್ ಎಂಬ ಒಂದೇ ಸದ್ದು. ಡಯಲ್ಲಿನ ಈ ತುದಿಯಿಂದ ಆ ತುದಿಯವರೆಗೂ ಅದೇ. ಅದರ ತಳದಲ್ಲೆಲ್ಲೋ ಒಬ್ಬರು ಕೃಷಿಕರಿಗೆ ಸಲಹೆ ಕೊಡುತ್ತಿದ್ದರು. ಯಾವ ಬೆಳೆಗೆ ಎಂದು ತಿಳಿಯಲಿಲ್ಲ.

ಹಿರಿಯರನ್ನು ಆಟೋದಲ್ಲಿ ಕರೆದುಕೊಂಡು ಬಂದೆ. ಅವರು ಸೆಟ್ಟನ್ನು ಮುಟ್ಟಲೂ ಇಲ್ಲ. ಬಾಗಿಲಲ್ಲಿ ನಿಂತು ತಲೆಯೆತ್ತಿ ಸುತ್ತಲೂ ಒಮ್ಮೆ ನೋಡಿ, ‘ರೇಡಿಯೊ ಸರಿಯಾಗಿದೆ ಸಾರ್. ನಿಮ್ಮನೆ ಸರಿಯಿಲ್ಲ’ ಎಂದರು. ಕಾಫಿ ತರುತ್ತಿದ್ದ ಹೆಂಡತಿ ಅಲ್ಲೇ ನಿಂತಳು.

ಅವರು ಹೇಳಿದ್ದು ಇಷ್ಟು. ಈಗ ಮನೆಯಲ್ಲಿ ಉರಿಯುವುದು, ತಿರುಗುವುದು, ಚಾರ್ಜಾಗುವುದು ಯಾವುದೂ ಕರೆಂಟನ್ನು ಬಂದ ಹಾಗೆ ತೆಗೆದುಕೊಳ್ಳುವುದಿಲ್ಲ. ಎಲ್‌ಇಡಿ ಬಲ್ಬಿನ ಬುಡದಲ್ಲಿ, ಮೊಬೈಲಿನ ಚಾರ್ಜರಿನಲ್ಲಿ, ವೈಫೈ ಪೆಟ್ಟಿಗೆಯ ಅಡಾಪ್ಟರಿನಲ್ಲಿ, ಟಿವಿ ಕೆಳಗಿನ ಸೆಟ್ ಟಾಪ್ ಬಾಕ್ಸಿನಲ್ಲಿ ಒಂದೊಂದು ಸರ್ಕ್ಯೂಟಿದೆ. ಅದು ಕರೆಂಟನ್ನು ಸೆಕೆಂಡಿಗೆ ಹತ್ತಾರು ಸಾವಿರ ಸಲ ಕತ್ತರಿಸಿ ಬೇಕಾದಷ್ಟು ಮಾಡಿಕೊಳ್ಳುತ್ತದೆ. ಹಾಗೆ ಕತ್ತರಿಸುವ ಸದ್ದು ನಮ್ಮ ಕಿವಿಗೆ ಬೀಳದು, ಮೀಡಿಯಂ ವೇವಿನ ಕಿವಿಗೆ ಬೀಳುತ್ತದೆ. ಚೆನ್ನಾಗಿ ಮಾಡಿದ ಸಾಮಾನಿನಲ್ಲಿ ಅದನ್ನು ತಡೆಯುವ ಫಿಲ್ಟರು ಇರುತ್ತದೆ. ಅಗ್ಗದ್ದರಲ್ಲಿ ಮೊದಲು ಬಿಡುವುದೇ ಅದನ್ನು. ಬೆಂಗಳೂರು ನಿಲಯದ ಪ್ರಸಾರಕ 200 ಕಿಲೊವ್ಯಾಟಿನದು, ಅಂದರೆ ಎರಡು ಲಕ್ಷ ವ್ಯಾಟು. ನನ್ನ ತಲೆಯ ಮೇಲಿನ ಬಲ್ಬು 9 ವ್ಯಾಟು. ಗೆದ್ದಿದ್ದು ಬಲ್ಬು. ನಿಲಯ ಮೈಲುಗಟ್ಟಲೆ ದೂರದಲ್ಲಿದೆ, ಬಲ್ಬು ಏರಿಯಲ್ಲಿನ ಪಕ್ಕದಲ್ಲೇ ಇದೆ. ದೂರದ ದೊಡ್ಡವರಿಗಿಂತ ಹತ್ತಿರದ ಸಣ್ಣವರ ಮಾತೇ ನಡೆಯುವುದನ್ನು ನಾನು ಆಫೀಸಿನಲ್ಲೂ ಕಂಡಿದ್ದೇನೆ.

ಪತ್ತೆಗೆ ಅವರು ಹೇಳಿಕೊಟ್ಟ ದಾರಿ ಸುಲಭ. ಬ್ಯಾಟರಿಯ ಚಿಕ್ಕ ಟ್ರಾನ್ಸಿಸ್ಟರೊಂದನ್ನು ಮೀಡಿಯಂ ವೇವಿನಲ್ಲಿ, ಯಾವ ಸ್ಟೇಷನ್ನೂ ಇಲ್ಲದ ಕಡೆ ಇಟ್ಟುಕೊಂಡು ಮನೆಯೆಲ್ಲ ಓಡಾಡುವುದು. ಕಳ್ಳನ ಹತ್ತಿರ ಹೋದಷ್ಟೂ ಗರ್ರ್ ಏರುತ್ತದೆ. ಅದರೊಳಗಿನ ಕಪ್ಪು ಫೆರೈಟ್ ಸಲಾಕೆಯ ತುದಿ ಕಳ್ಳನ ಕಡೆ ತಿರುಗಿದಾಗ ಸದ್ದು ತಗ್ಗುತ್ತದೆ; ದಿಕ್ಕು ಹಾಗೆ ಗೊತ್ತಾಗುತ್ತದೆ. ಮೊದಲು ಮೀಟರ್ ಬೋರ್ಡಿಗೆ ಹೋಗಿ ಮೇನ್ ಸ್ವಿಚ್ಚು ಇಳಿಸಿದೆವು. ಟ್ರಾನ್ಸಿಸ್ಟರಿನಲ್ಲಿ ತಟ್ಟನೆ ಮೌನ. ಅಲ್ಲಿಗೆ ಕಳ್ಳರೆಲ್ಲ ಮನೆಯೊಳಗಿನವರೇ ಎಂದಾಯಿತು.

ಒಬ್ಬೊಬ್ಬರನ್ನೇ ಹಾಕಿ ನೋಡಿದೆವು. ಹಾಲಿನ ಫ್ಯಾನಿನ ರೆಗ್ಯುಲೇಟರು, ನುಣುಪಾಗಿ ತಿರುಗುವ ನಮೂನೆಯದು, ಬರ್ರ್ ಎಂದಿತು. ಹೆಜ್ಜೆಹೆಜ್ಜೆಯಾಗಿ ಟಕ್ ಟಕ್ ತಿರುಗುವ ಕಂಡೆನ್ಸರ್ ನಮೂನೆಯ ರೆಗ್ಯುಲೇಟರು ಹಾಕಿಸಿದರೆ ಸದ್ದಿಲ್ಲ. ಟ್ಯೂಬ್‌ಲೈಟಿನ ಎಲೆಕ್ಟ್ರಾನಿಕ್ ಚೋಕು ಕೊಂಯ್ ಎಂದಿತು. ವೈಫೈ ಪೆಟ್ಟಿಗೆಗೆ ಒಂದು ಗೇಣು ಸಾಲದು, ಒಂದು ಕೋಣೆಯೇ ಬೇಕು ಎಂದು ತೀರ್ಮಾನವಾಯಿತು; ಮಗ ಅಂದಿನಿಂದ ಮಾತು ಕಡಿಮೆ ಮಾಡಿದ್ದಾನೆ. ಎಲ್ಲರಿಗಿಂತ ದೊಡ್ಡ ಗಲಾಟೆ ಬರುತ್ತಿದ್ದುದು ದೇವರ ಮನೆಯಿಂದ. ಪಟದ ಮುಂದೆ ಸದಾ ಉರಿಯಲಿ ಎಂದು ಸಂತೆಯಿಂದ ತಂದಿದ್ದ ಎಲ್‌ಇಡಿ ನಂದಾದೀಪ. ಬೆರಳು ಗಾತ್ರ, ಅರ್ಧ ವ್ಯಾಟೂ ಇರಲಾರದು. ಅದರ ಮುಂದೆ ಟ್ರಾನ್ಸಿಸ್ಟರು ಹಿಡಿದರೆ ಕಿವಿ ಮುಚ್ಚಿಕೊಳ್ಳಬೇಕು. ತೆಗೆಯಿರಿ ಎನ್ನಲು ಹಿರಿಯರಿಗೆ ಸಂಕೋಚ, ನನಗೆ ಅಂಜಿಕೆ. ಹೆಂಡತಿಯೇ ಎಳೆದುಹಾಕಿ, ‘ದೇವರಿಗೂ ಎಷ್ಟ್ ತ್ರಾಸ ಆಗಿತ್ತೋ’ ಎಂದು ಎಣ್ಣೆ ದೀಪ ಹಚ್ಚಿದಳು.

ಇದರ ನಡುವೆ ಒಂದು ತಮಾಷೆ ಉಂಟು. ಕರೆಂಟು ಹೋದಾಗ ಬೀದಿಗೆ ಬೀದಿಯೇ ನಿಶ್ಶಬ್ದವಾಗುತ್ತದೆ. ರೇಡಿಯೊ ಕೇಳುವುದಕ್ಕೆ ಅದಕ್ಕಿಂತ ಒಳ್ಳೆಯ ಹೊತ್ತಿಲ್ಲ. ಆದರೆ ನನ್ನ ಸೆಟ್ಟು ನಡೆಯುವುದು ಕರೆಂಟಿನಿಂದ. ಯುಪಿಎಸ್ಸಿಗೆ ಕೊಟ್ಟರೆ, ಆ ಯುಪಿಎಸ್ಸೇ ಬೀದಿಯ ಬಾಕಿ ಸದ್ದನ್ನೆಲ್ಲ ತಾನೊಂದೇ ಮಾಡುತ್ತದೆ. ಕೊನೆಗೆ ಎಲ್ಲರಿಗೂ ಚೆನ್ನಾಗಿ ಕೇಳುವುದು ಪತ್ತೆಗೆಂದು ತಂದ ಆ ಅಂಗೈಯಗಲದ ಟ್ರಾನ್ಸಿಸ್ಟರಿನಲ್ಲಿ.

ಮನೆಯೊಳಗಿನ ಏರಿಯಲ್ಲು ಮನೆಯ ಗಲಾಟೆಯನ್ನೇ ಹೀರುವುದರಿಂದ ಅದನ್ನು ತಾರಸಿಗೆ ಹಾಕಿದೆವು. ನೀರಿನ ಟ್ಯಾಂಕಿನ ಕಂಬದಿಂದ ಆಚೆಯ ಪ್ಯಾರಾಪೆಟ್ಟಿನವರೆಗೆ ತಂತಿ, ಎರಡೂ ಕಡೆ ಪಿಂಗಾಣಿ. ಹಿರಿಯರು ಮೊದಲೇ ಹೇಳಿದ್ದರು: ‘ಏರಿಯಲ್ ದಾರಿಯ ಕಂಡೆನ್ಸರು ಹೊಸದು ಹಾಕಿದೀನಿ. ಅದು ಲೀಕಾದ್ರೆ ತಾರಸಿ ತಂತೀಲೂ ಶಾಕು. ಗುಡುಗು ಸಿಡಿಲು ಬಂದ್ರೆ ವೈರು ಎಳೆದು ಹೊರಗೆ ಹಾಕಿಬಿಡಿ.’ ಅವರು ಹೇಳದೆ ಬಿಟ್ಟದ್ದು ಒಂದೇ. ಒಂದು ಬೆಳಗ್ಗೆ ಪ್ರದೇಶ ಸಮಾಚಾರ ಕೇಳುತ್ತಿದ್ದ ಹಾಗೇ ದನಿ ಕುಗ್ಗಿತು. ಹಸಿರು ಕಣ್ಣು ಅಗಲವಾಯಿತು. ವಾಲ್ವು ಮುಟ್ಟಿ ನೋಡಿದೆ, ದಾರ ನೋಡಿದೆ, ಎಲ್ಲ ಸರಿ. ತಾರಸಿಗೆ ಹೋದರೆ ಏರಿಯಲ್ಲಿನ ಮೇಲೆ ಮಹಡಿಯವರ ಡಬಲ್ ಕಾಟ್ ಬೆಡ್‌ಶೀಟು ತೊಟ್ಟಿಕ್ಕುತ್ತ ಹರಡಿತ್ತು, ಅರ್ಧ ಪ್ಯಾರಾಪೆಟ್ಟಿನ ಮೇಲೆ ಒರಗಿ. ಬಂದ ಅಲೆಯೆಲ್ಲ ಒದ್ದೆ ಬಟ್ಟೆ ಹಿಡಿದು ಗೋಡೆಗಿಳಿಯುತ್ತಿತ್ತು. ‘ಸಾರಿ ಅಂಕಲ್, ನೀವು ನಮಗೋಸ್ಕರ ಹೊಸ ತಂತಿ ಕಟ್ಟಿಸಿದೀರಿ ಅಂದ್ಕೊಂಡೆ’ ಎಂದಳು ಮಹಡಿಯ ಹುಡುಗಿ. ಹಾಗೆಂದುಕೊಳ್ಳುವ ಬಾಡಿಗೆದಾರರು ಸಿಗುವುದೂ ಭಾಗ್ಯವೇ. ಪಕ್ಕದಲ್ಲಿ ನಿಜವಾಗಿಯೂ ಒಂದು ಬಟ್ಟೆ ತಂತಿ ಕಟ್ಟಿಸಿದೆ.

‘ಇಷ್ಟೆಲ್ಲ ಯಾಕಪ್ಪಾ, ಆ್ಯಪಿನಲ್ಲಿ ಕ್ಲಿಯರಾಗಿ ಬರುತ್ತಲ್ಲ’ ಎನ್ನುತ್ತಾನೆ ಮಗ. ಬರುತ್ತದೆ, ಒಪ್ಪಿದೆ. ಎರಡನ್ನೂ ಪಕ್ಕಪಕ್ಕ ಇಟ್ಟರೆ ರೇಡಿಯೊದವರು ಒಂದು ವಾಕ್ಯ ಮುಗಿಸಿ ಮುಂದಿನದಕ್ಕೆ ಹೋದ ಮೇಲೆ ಮೊಬೈಲಿನವರು ಆ ವಾಕ್ಯ ಶುರುಮಾಡುತ್ತಾರೆ. ತಡವಾದರೂ ಸ್ವಚ್ಛ ಎಂದು ಅವನ ವಾದ. ಆದರೆ ಆ್ಯಪಿನಲ್ಲಿ ಧಾರವಾಡ ಹಗಲೂ ರಾತ್ರಿ ಒಂದೇ ತೆರನಾಗಿ ಬರುತ್ತದೆ, ಅದೇ ನನಗೆ ಹಿಡಿಸದ್ದು. ಟೇಬಲ್ ರೇಡಿಯೊದಲ್ಲಿ ಹಗಲು ಧಾರವಾಡವನ್ನು ಬೆಂಗಳೂರಿನಲ್ಲಿ ಕಿವಿಗೊಟ್ಟು ಹುಡುಕಬೇಕು. ಮೇಲಕ್ಕೆ ಹೋದ ಅಲೆಯನ್ನು ಅರುವತ್ತು ತೊಂಬತ್ತು ಕಿಲೊಮೀಟರ್ ಎತ್ತರದ ಒಂದು ಪದರ ಬಿಸಿಲಿರುವಷ್ಟು ಹೊತ್ತು ಹೀರಿಬಿಡುತ್ತದೆ. ಹೊತ್ತು ಮುಳುಗಿದ ಮೇಲೆ ಆ ಪದರ ಕರಗುತ್ತದೆ. ಅದಕ್ಕೂ ಮೇಲಿನ ಪದರಗಳಿಗೆ ತಗುಲಿ ಅಲೆ ಕೆಳಕ್ಕೆ ಬರುತ್ತದೆ, ಎಲ್ಲೋ ನೂರಾರು ಮೈಲಿಯಾಚೆ. ಹಸಿರು ಕಣ್ಣು ಹಿಗ್ಗುತ್ತ ಕುಗ್ಗುತ್ತ ಇರುವಾಗ ದನಿಯೂ ಏರಿ ಇಳಿಯುತ್ತದೆ.

ಒಂದು ಸಂಜೆ ಮುಳ್ಳು 392 ಮೀಟರಿನ ಹತ್ತಿರ, ಅಂದರೆ 765ರಲ್ಲಿ, ನಿಂತಿತ್ತು. ಅಡುಗೆಮನೆಯಿಂದ ಹೆಂಡತಿ ಲಟ್ಟಣಿಗೆ ಹಿಡಿದೇ ಬಂದಳು. ‘ಇದು ಧಾರವಾಡ ಅಲ್ರೀ?’ ಬೆಳಗಾವಿಯದೋ ಗದಗಿನದೋ ಪೇಟೆ ಧಾರಣೆ ಬರುತ್ತಿತ್ತು. ನಮಗೆ ಮಾರಲು ಏನೂ ಇಲ್ಲ. ಆದರೂ ಒಣಮೆಣಸಿನಕಾಯಿಯ ದರ ಮುಗಿಯುವ ತನಕ ಅವಳು ಅಲ್ಲೇ ನಿಂತಿದ್ದಳು. 1950ರಲ್ಲಿ ಶುರುವಾದ ನಿಲಯ ಅದು. ಅವಳ ಅಜ್ಜನ ಮನೆಯಲ್ಲಿ ಹೊತ್ತು ಗೊತ್ತುಮಾಡುತ್ತಿದ್ದದ್ದು ಗಡಿಯಾರವಲ್ಲ, ಅದು. ಆ ಸಂಜೆಯಿಂದ ಬೀರುವಿನ ಮೇಲಿನ ಜಾಗದ ಬಗ್ಗೆ ಚರ್ಚೆ ನಿಂತಿತು. ಇಂಥ ಒಂದೊಂದು ಪ್ರಸಾರಕ ಐದಾರು ಜಿಲ್ಲೆಗೆ ಮುಟ್ಟುತ್ತದೆ, ಎಫ್‌ಎಂಗೆ ಅಷ್ಟು ಕೈ ಉದ್ದವಿಲ್ಲ. ಹಾಗಿದ್ದೂ ದೇಶದಲ್ಲಿ ಮೀಡಿಯಂ ವೇವನ್ನು ಒಂದೊಂದೇ ಕಡೆ ಮುಚ್ಚುತ್ತಿದ್ದಾರೆ. ಮುಚ್ಚುವವರು ಸಂಜೆ ಏಳರ ಮೇಲೆ ರೇಡಿಯೊ ತಿರುಗಿಸಿ ನೋಡಿದವರಲ್ಲ.

ನಮ್ಮ ಕಥೆ ಕೇಳಿ ನ್ಯೂಜೆರ್ಸಿಯಲ್ಲಿರುವ ನಾದಿನಿಯ ಮಗ ರಜೆಗೆ ಬಂದಾಗ ಒಂದು ಹೊಸ ಡಿಜಿಟಲ್ ಟೇಬಲ್ ರೇಡಿಯೊ ತಂದುಕೊಟ್ಟ. ಅಂಕಿಯಲ್ಲಿ ಸ್ಟೇಷನ್ನು ತೋರಿಸುವಂಥದು. 600, 610, 620 ಎಂದು ಹಾರಿತೇ ಹೊರತು 612ರಲ್ಲಿ ಏನು ಮಾಡಿದರೂ ನಿಲ್ಲದು. ಕೆಟ್ಟಿದೆ ಎಂದು ಅವನು ಪೆಟ್ಟಿಗೆಗೆ ಹಾಕುತ್ತಿದ್ದ. ಕೆಟ್ಟಿರಲಿಲ್ಲ. ಅಮೆರಿಕದಲ್ಲಿ ಸ್ಟೇಷನ್ನಿಂದ ಸ್ಟೇಷನ್ನಿಗೆ 10 ಕಿಲೊಹರ್ಟ್ಸು, ನಮ್ಮಲ್ಲಿ 9. ಬೆಂಗಳೂರಿನ 612, ಧಾರವಾಡದ 765, ಭದ್ರಾವತಿಯ 675, ಮಂಗಳೂರಿನ 1089, ಕಲಬುರಗಿಯ 1107 ಯಾವುದನ್ನು ಬೇಕಾದರೂ ತೆಗೆದುಕೊಳ್ಳಿ, ಒಂಬತ್ತರ ಮಗ್ಗಿಯಲ್ಲೇ ಬರುತ್ತವೆ. ಬೆನ್ನ ಮೇಲೆ ಕಡ್ಡಿಯಿಂದ ಸರಿಸುವ 9-10ರ ಚಿಕ್ಕ ಸ್ವಿಚ್ಚಿತ್ತು, ಸರಿಸಿದೆವು. ಎಫ್‌ಎಂನಲ್ಲೂ ಇದೇ ತಕರಾರು: ಅಲ್ಲಿನ ಸೆಟ್ಟು 101.3ಕ್ಕೂ 102.9ಕ್ಕೂ ಮರ್ಯಾದೆ ಕೊಡುತ್ತದೆ, ಮೈಸೂರಿನ 100.6ನ್ನು ಮಾತ್ರ ದಾಟಿಕೊಂಡು ಹೋಗುತ್ತದೆ. ಅಲ್ಲಿ ಕೊನೆಯಂಕಿ ಬೆಸವಾಗಿರಬೇಕೆಂದು ಕಾಯಿದೆ. ಅಮೆರಿಕದಿಂದ ರೇಡಿಯೊ ತರುವ ಮೈಸೂರಿನವರು ಇದನ್ನು ವಿಚಾರಿಸಿಕೊಳ್ಳುವುದು ಒಳ್ಳೆಯದು.

ಬಲ್ಬು ಕೊಳ್ಳಲು ಈಗ ನಾನು ಟ್ರಾನ್ಸಿಸ್ಟರು ಹಿಡಿದೇ ಹೋಗುತ್ತೇನೆ. ಅಂಗಡಿಯವನು ಹೋಲ್ಡರಿಗೆ ಬಲ್ಬು ಹಾಕಿ ಉರಿಸಿ ತೋರಿಸುತ್ತಾನೆ. ನಾನು ಬೆಳಕು ನೋಡದೆ ರೇಡಿಯೊ ಹತ್ತಿರ ಹಿಡಿದು ಕೇಳುತ್ತೇನೆ. ಗರ್ರ್ ಎಂದರೆ ಮುಂದಿನದು. ಹುಚ್ಚನಿರಬೇಕು ಎಂದು ಅವನು ಮೊದಲು ನೋಡಿದ ನೋಟ ನನಗೆ ಅರ್ಥವಾಯಿತು. ಪಕ್ಕದಲ್ಲಿದ್ದ ಗಿರಾಕಿಯೊಬ್ಬರು ಸ್ವಲ್ಪ ಹೊತ್ತು ನೋಡಿ, ‘ಅದರಲ್ಲಿ ಎಷ್ಟು ವರ್ಷ ಬಾಳಿಕೆ ಬರುತ್ತೆ ಅಂತ ಗೊತ್ತಾಗುತ್ತಾ ಸ್ವಾಮಿ?’ ಎಂದು ಕೇಳಿ, ತಮ್ಮ ಬಲ್ಬನ್ನೂ ಮುಂದೆ ಚಾಚಿದರು. ಸದ್ದು ಮಾಡಿತು. ಬೇರೆ ಕೊಡು ಎಂದು ಅಂಗಡಿಯವನಿಗೆ ಹೇಳಿಬಿಟ್ಟರು. ಆತ ಈಗ ನನ್ನನ್ನು ದೂರದಿಂದ ಕಂಡರೆ ಒಳಗಿನ ಹುಡುಗನನ್ನು ಗಲ್ಲಾಕ್ಕೆ ಕಳಿಸುತ್ತಾನೆ.

ಹೋದ ತಿಂಗಳು ಮನೆಗೆ ಹೊಸ ಮಿಕ್ಸಿ ಬಂತು. ಅದರ ಮೋಟಾರಿನ ಬ್ರಷ್ಷಿನಲ್ಲಿ ಹಾರುವ ಕಿಡಿಗೆ ಡಯಲ್ಲಿನ ಯಾವ ಊರೂ ಉಳಿಯುವುದಿಲ್ಲ. ಅದನ್ನು ವಾಪಸು ಮಾಡೋಣವೇ ಎಂದು ಕೇಳಿದೆ. ‘ಮಿಕ್ಸಿ ಛಲೋ ಅದ, ಟೈಮ್ ಬದಲ್ ಮಾಡಿದ್ರ ಆತು’ ಎಂದಳು. ಈಗ ಶೇಂಗಾ ಚಟ್ನಿಪುಡಿ ಮಧ್ಯಾಹ್ನವೇ ಆಗಬೇಕು. ಧಾರವಾಡ ಬರುವ ಹೊತ್ತಿಗೆ ಮಿಕ್ಸಿ ಹಾಕುವ ಹಾಗಿಲ್ಲ, ಮಹಡಿಯವರಿಗೂ ಹೇಳಿಯಾಗಿದೆ. ಅವರು ಒಪ್ಪಿದ್ದಾರೆ, ಚಟ್ನಿಪುಡಿಯಲ್ಲಿ ಅವರಿಗೂ ಒಂದು ಡಬ್ಬಿ ಎಂಬ ಕರಾರಿನ ಮೇಲೆ.